ಹಿನ್ನೀರಿಗೆ ತಕ್ಕ ಗಾಳದ ಕೋಲು

ಶರಾವತಿ ದಡದ ಆ ಊರಿನಲ್ಲಿ ಗಂಡಸರೆಲ್ಲ ಬಲೆ ಬೀಸಿದರೆ, ದುಗ್ಗಮ್ಮ ಮಾತ್ರ ಬಂಡೆಯ ಮೇಲೆ ಕೂತು ಗಾಳ ಹಾಕುತ್ತಿದ್ದಳು. ವಾಟೆಬಿದಿರಿನ ತೆಳ್ಳನೆಯ ಕೋಲು, ಎರೆಹುಳ, ಅಷ್ಟೇ. ಹುಟ್ಟಿದಾಗಿನಿಂದ ಹೊಳೆಯ ಪಕ್ಕದಲ್ಲೇ ಇದ್ದರೂ ಅವಳಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲು ಮೀರಿದ ನೀರಿಗೆ ಇಳಿದವಳೇ ಅಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದ ಮೇಲೆ, ಅರವತ್ತನಾಲ್ಕರ ಮಳೆಗಾಲಕ್ಕೆ ಗದ್ದೆಯೂ ಬಂಡೆಯೂ ಮುಳುಗಿದವು. ದುಗ್ಗಮ್ಮ, ಅವಳ ಗಂಡ ಮಾರಪ್ಪ ಗುಡ್ಡದ ಮೇಲೆ ಗುಡಿಸಲು ಕಟ್ಟಿಕೊಂಡರು. ಹಿನ್ನೀರಿನ ಆಳಕ್ಕೆ ವಾಟೆಕೋಲು ಸಾಲಲಿಲ್ಲ. ಒಂದು ದಿನ ದೊಡ್ಡ ಮೀನೊಂದು ಗಾಳ ಕಚ್ಚಿ, ಕೋಲನ್ನೇ ಮುರಿದುಕೊಂಡು ಹೋಯಿತು.

"ಎದುರು ದಿಬ್ಬದಲ್ಲಿ ಬಿದಿರು ಮೆಳೆ ಐತಲ್ಲ, ಒಂದು ಗಳ ಕಡ್ಕಂಡು ಬರ್ತೀನಿ," ಎಂದಳು.

"ನೀರು ಏರ್ತಾ ಐತೆ ಕಣೇ. ಬ್ಯಾಡ."

"ಈಗ ಹೋಗಿ ಈಗ ಬಂದೆ."

ಗುಡ್ಡಕ್ಕೂ ದಿಬ್ಬಕ್ಕೂ ನಡುವಿನ ತಗ್ಗಿನ ಕಾಲುದಾರಿಗೆ ಆಗಿನ್ನೂ ನೀರು ಬಂದಿರಲಿಲ್ಲ. ದಿಬ್ಬ ಹತ್ತಿ, ಮೆಳೆಯ ಗಳಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದಳು. ಬಲಿತದ್ದು ಭಾರ, ಎಳೆಯದು ಬಗ್ಗಿದರೆ ಬಗ್ಗಿದಂತೆಯೇ ಉಳಿಯುತ್ತಿತ್ತು. ಗೆಣ್ಣು ಒತ್ತಾಗಿ, ತುದಿ ಸಣ್ಣಗಾಗಿ, ಬಿಟ್ಟೊಡನೆ ಪುಟಿದು ನೆಟ್ಟಗಾಗುವಂಥದ್ದು ಬೇಕಿತ್ತು. ಹುಡುಕುವುದರಲ್ಲಿ ಹೊತ್ತು ಹೋದದ್ದೂ ಮಳೆ ಜೋರಾದದ್ದೂ ತಿಳಿಯಲಿಲ್ಲ. ಕೊನೆಗೆ ಮನಸ್ಸಿಗೆ ಬಂದದ್ದು ಸಿಕ್ಕಿ, ಕಡಿದು ಎಳೆದಳು. ಮೆಳೆ ಅಲುಗಿತು. ಬೇರು ಎಂದುಕೊಂಡದ್ದು ಕಾಲ ಬಳಿ ಸರಿದಾಡಿತು.

ಹಾವು. ಒಂದಲ್ಲ. ನೀರಿಗೆ ಹೆದರಿ ಮೇಲೇರಿದ ಹಾವುಗಳು ಮೆಳೆಯ ತುಂಬ ಸುತ್ತಿಕೊಂಡಿದ್ದವು. ದುಗ್ಗಮ್ಮ ಗಳವನ್ನು ಎದೆಗವಚಿ ಹಿಂದೆಹಿಂದೆ ಸರಿದು, ತಿರುಗಿ ಓಡಿದಳು.

ತಗ್ಗಿನಲ್ಲಿ ದಾರಿಯೇ ಇರಲಿಲ್ಲ. ಕೆಂಪು ನೀರು ತುಂಬಿ ಹರಿಯುತ್ತಿತ್ತು.

"ಓ... ಇವ್ರೇ!" ಎಂದು ಕೂಗಿದಳು. ಮಳೆಯ ಸದ್ದಿನಲ್ಲಿ ಆ ಕೂಗು ಅವಳ ಕಿವಿಗೇ ಬೀಳಲಿಲ್ಲ. ನಿಂತಲ್ಲೇ ನಿಂತರೆ ಹಾವು, ಇಳಿದರೆ ನೀರು. ಅತ್ತಳು. ಅಳುತ್ತಲೇ ಇಳಿದಳು.

ಗಳದ ತುದಿಯಿಂದ ನೆಲ ಮುಟ್ಟಿ ನೋಡಿದರೆ ಅದು ಬಳುಕುತ್ತಿತ್ತು. ತಿರುಗಿಸಿ ಬುಡ ಊರಿದಾಗ ದಾರಿಯ ಗಟ್ಟಿ ಮಣ್ಣು ಕೈಗೆ ತಿಳಿಯಿತು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಒಮ್ಮೆ ಗಳ ಸರ್ರನೆ ಒಳಗಿಳಿದು, ತಳವೇ ಸಿಗಲಿಲ್ಲ. ಎತ್ತಿದ ಕಾಲನ್ನು ಅವಳು ಹಾಗೇ ಹಿಂದಕ್ಕಿಟ್ಟಳು. ಮುಂದಕ್ಕೂ ಹೋಗಲಾರಳು, ಹಿಂದಕ್ಕೂ ಹೋಗಲಾರಳು.

"ಅಲ್ಲೇ ನಿಲ್ಲು! ಅಲ್ಲಾಡ್ಬೇಡ!" ಅವಳು ಬಾರದ್ದು ಕಂಡು ಹುಡುಕಿ ಬಂದ ಮಾರಪ್ಪ ಆಗಲೇ ಕುತ್ತಿಗೆಯುದ್ದ ನೀರಿನಲ್ಲಿದ್ದ. "ಗಳ ಈ ಕಡೆ ಚಾಚು!"

ಅವನು ಹಿಡಿದು ಎಳೆದ. ಕಾಲು ನೆಲ ಬಿಟ್ಟಿತು, ಮೂಗಿಗೆ ನೀರು ನುಗ್ಗಿತು. ದಡದ ಕೆಸರಿಗೆ ಬಿದ್ದಾಗಲೂ ಅವಳ ಮುಷ್ಟಿ ಬಿಚ್ಚಲಿಲ್ಲ.

"ಬಿಡೇ, ಬಂದಾಯ್ತು," ಎಂದು ಅವನೇ ಒಂದೊಂದು ಬೆರಳನ್ನೂ ಬಿಡಿಸಿದ.

ಆ ಗಳದಿಂದ ದುಗ್ಗಮ್ಮ ಎಷ್ಟೋ ವರ್ಷ ಮೀನು ಹಿಡಿದಳು. ಆದರೆ ಕೂರುತ್ತಿದ್ದದ್ದು ನೀರಿನಿಂದ ಗಳ ಎಟಕುವಷ್ಟು ದೂರ. ಅಲೆ ಪಾದಕ್ಕೆ ತಾಗಿದರೆ ಸಾಕು, ಗಾಳ ಎತ್ತಿಕೊಂಡು ಮೇಲಕ್ಕೆ ಹೋಗಿಬಿಡುತ್ತಿದ್ದಳು. ನೋಡಿದವರು ನಗುತ್ತಿದ್ದರು. ಮಾರಪ್ಪ ಮಾತ್ರ ಅವಳು ಕೂರುವ ಚಾಪೆಯನ್ನು ಇನ್ನಷ್ಟು ಹಿಂದಕ್ಕೆ ಎಳೆದು ಹಾಸುತ್ತಿದ್ದ.