ದೈತ್ಯಪ್ರಾಣಿಗೆ ಸೂತಕವುಂಟೆ?

ಶನಿವಾರ ಮಧ್ಯಾಹ್ನ ನಮ್ಮ ಮನೆಯ ಹುಳಿ ಆರಿಹೋಗುತ್ತದೆ. ಸೌಟು ಹಿಡಿದು ನಿಂತು, ಒಗ್ಗರಣೆಯ ತುಪ್ಪ ಅದರ ಮೇಲೆ ತೆಳ್ಳಗೆ ಪೊರೆಗಟ್ಟುವುದನ್ನು ನೋಡುತ್ತ, ಇದಕ್ಕಾಗಿ ಯಾರನ್ನು ದೂರಬೇಕೆಂದು ಯೋಚಿಸುತ್ತೇನೆ. ನ್ಯಾಯವಾಗಿ ದೂರಬೇಕಾದದ್ದು ಟಿವಿಯೊಳಗೆ ಜಪಾನಿನ ಯಾವುದೋ ಪಟ್ಟಣದ ನಡುವೆ ನಿಂತು ಅರಚುತ್ತಿರುವ, ಗೋಪುರದೆತ್ತರದ, ಮೊಸಳೆಗೂ ಹುಂಜಕ್ಕೂ ನಂಟಸ್ತನ ಬೆಳೆದು ಹುಟ್ಟಿದಂತಿರುವ ಪ್ರಾಣಿಯನ್ನು. ಅದು ಪ್ರಾಣ ಬಿಡುವವರೆಗೆ ನಮ್ಮತ್ತೆ ಊಟಕ್ಕೆ ಏಳುವುದಿಲ್ಲ. ಬಿಟ್ಟ ಮೇಲೂ ನೇರವಾಗಿ ತಟ್ಟೆಯ ಮುಂದೆ ಬರುವುದಿಲ್ಲ. ಮೊದಲು ಬಚ್ಚಲಿಗೆ ಹೋಗುತ್ತಾರೆ.

ಕ್ರಮವಾಗಿ ಹೇಳುತ್ತೇನೆ, ಹೇಳುತ್ತ ಹೇಳುತ್ತ ನನಗೂ ಅರ್ಥವಾದರೆ ಅದು ನಿಮ್ಮ ಪುಣ್ಯ. ಅತ್ತೆ ಮೈಸೂರಿನಿಂದ ಸಮುದ್ರ ದಾಟಿ ಬೋಲಿಂಗ್‌ಬ್ರೂಕಿನ ನಮ್ಮ ಮನೆಗೆ ಬಂದದ್ದು ಬೇಸಿಗೆಯಲ್ಲಿ, ಡಿಸೆಂಬರ್‌ವರೆಗೆ ಇರುವ ಸಂಕಲ್ಪದಿಂದ. ನಮ್ಮ ಮಗಳು ನಿಧಿ ಹೈಸ್ಕೂಲಿನಲ್ಲಿ ಭಾಷಾವಿಷಯವಾಗಿ ಜಪಾನಿಯನ್ನು ಆರಿಸಿಕೊಂಡಿದ್ದಾಳೆ. ಕನ್ನಡ ಅಲ್ಲಿ ಸಿಗುವುದಿಲ್ಲ. ಸಿಕ್ಕಿದ್ದರೂ ಅವಳು ಆರಿಸುತ್ತಿದ್ದಳೆಂಬ ಭ್ರಮೆಯೇನೂ ನನಗಿಲ್ಲ. ಕಿವಿ ಪಳಗಲಿ ಎಂದು ಅವಳ ಟೀಚರ್ ಹೇಳಿದ್ದರಿಂದ ಈ ಧಾರಾವಾಹಿ ನಮ್ಮ ಹಜಾರವನ್ನು ಪ್ರವೇಶಿಸಿತು, ಸೋಫಾದ ಇನ್ನೊಂದು ತುದಿಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅತ್ತೆ ಅನಾಯಾಸವಾಗಿ ಅದರ ಪ್ರೇಕ್ಷಕರಾದರು.

ಅದರ ಕಥಾಸೂತ್ರ ಬಹಳ ಸರಳ, ಆದ್ದರಿಂದಲೇ ನನಗೆ ದುರ್ಬೋಧ. ವಾರಕ್ಕೊಂದು ದೈತ್ಯಪ್ರಾಣಿ ಸಮುದ್ರದಿಂದಲೋ ಪಾತಾಳದಿಂದಲೋ ಎದ್ದು ಬರುತ್ತದೆ. ಸಾಧಾರಣ ತರುಣನೊಬ್ಬ ಜನರ ಗುಂಪಿನಿಂದ ಮೆಲ್ಲನೆ ಜಾರಿಕೊಂಡು, ಹುಣಿಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಬಿಂದಿಗೆಯಂತೆ ಹೊಳೆಯುವ ಮಹಾಕಾಯನಾಗಿ ಬೆಳೆದು ಅದರೊಡನೆ ಸೆಣಸುತ್ತಾನೆ. ಪೆಟ್ಟು ತಿಂದು ತಿಂದು ಅವನ ಹಣೆಯ ಹರಳು ಮಂಕಾಗುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ ತನ್ನ ಬಳಿ ದಿವ್ಯಕಿರಣವೊಂದಿದೆಯೆಂದು ಅವನಿಗೆ ನೆನಪಾಗುತ್ತದೆ. ಆ ಕಿರಣವನ್ನು ಮೊದಲೇ ಬಿಟ್ಟಿದ್ದರೆ ಅಷ್ಟು ಕಟ್ಟಡಗಳು ಉಳಿಯುತ್ತಿರಲಿಲ್ಲವೆ? ಉರುಳಿದ ಕಟ್ಟಡಗಳು ಮುಂದಿನ ಶನಿವಾರದ ಹೊತ್ತಿಗೆ ಸಾಲಾಗಿ ಎದ್ದು ನಿಂತಿರುವುದಾದರೂ ಹೇಗೆ? ನಮ್ಮ ಬಡಾವಣೆಯಲ್ಲಿ ಒಂದು ಅಂಚೆಪೆಟ್ಟಿಗೆಯ ಕಂಬ ವಾಲಿದರೆ ಅದನ್ನು ನೆಟ್ಟಗೆ ಮಾಡಲು ಒಂದು ಋತುವೇ ಬೇಕಾಗುತ್ತದೆ. ಇದನ್ನೆಲ್ಲ ಕೇಳಿದರೆ ನಿಧಿಯದು ಒಂದೇ ಉತ್ತರ: "ಅಮ್ಮಾ, ಜಸ್ಟ್ ವಾಚ್!"

ಅತ್ತೆಯ ಗೊಂದಲ ನನ್ನದಕ್ಕಿಂತ ಉನ್ನತ ದರ್ಜೆಯದು. ಮೊದಲ ಶನಿವಾರ ಪ್ರಾಣಿ ಸಿಡಿದು ಚೂರಾದಾಗ ನಿಧಿ ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ "ಅಯ್ಯೋ ಪಾಪ, ಯಾರ ಮನೇದೋ!" ಎಂದು ಎದ್ದು ಹೋಗಿ, ಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು ಬಂದರು.

"ಏನತ್ತೆ ಇದು?"

"ಸಾವು ನೋಡಿ ಹಾಗ್ಹಾಗೇ ಊಟಕ್ಕೆ ಕೂತ್ಕೊಳಕ್ಕಾಗುತ್ತೇನೇ?"

"ಟಿವೀಲಿ ಸತ್ತಿದ್ದು ಅತ್ತೆ."

"ಕಣ್ಣಲ್ಲಿ ನೋಡಿದ್ದು ತಾನೆ?"

ದಾಯಾದಿಗಳಿಗೆ ಇಷ್ಟು ದಿನ, ದೂರದ ನಂಟರಿಗೆ ಒಂದು ಸ್ನಾನ ಎಂದೆಲ್ಲ ಸೂತಕಕ್ಕೆ ಲೆಕ್ಕವಿರುವುದು ನನಗೂ ಗೊತ್ತು. ಜಪಾನಿನ ಮೊಸಳೆಹುಂಜಕ್ಕೆ ಎಷ್ಟೆಂಬುದನ್ನು ಯಾವ ಶಾಸ್ತ್ರಕಾರನೂ ಬರೆದಿಟ್ಟಂತಿಲ್ಲ. ಡೆಟ್ರಾಯಿಟ್ ಬಳಿಯ ಟ್ರಾಯ್‌ನಲ್ಲಿರುವ ನನ್ನ ನಾದಿನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು: "ಅಲ್ಲ ಅತ್ತಿಗೆ, ಅಮ್ಮಂಗೆ ಒಂದು ಭಜನೆ ಹಾಕ್ಕೊಡೋದು ಬಿಟ್ಟು ಡೈನೋಸಾರ್ ತೋರಿಸ್ತಿದೀರಲ್ಲ!"

ಭಾಷಾಂತರದ ಭಾರವೂ ನನ್ನದೇ. ಜಪಾನಿಯಲ್ಲಿ ಆಡಿದ್ದು ಇಂಗ್ಲಿಷ್ ಅಕ್ಷರಗಳಾಗಿ ತೆರೆಯ ಕೆಳಗೆ ಓಡುತ್ತದೆ, ನಾನು ಹುರುಳಿಕಾಯಿ ಹೆಚ್ಚುತ್ತ ಅದನ್ನು ಅಡುಗೆಮನೆಯಿಂದಲೇ ಕನ್ನಡದಲ್ಲಿ ಕೂಗುತ್ತೇನೆ. ನಿಧಿ ನನ್ನ ಕೂಗು ಕೇಳಿಸದಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ತಾನಿರುತ್ತಾಳೆ. ಅತ್ತೆ ಕೇಳುವುದು ಒಂದೇ ಪ್ರಶ್ನೆ: "ಅದು ಯಾಕೆ ಬಂತಂತೆ?" ಪ್ರಾಣಿ ಯಾಕೆ ಬಂತೆಂದು ತೆರೆಯ ಕೆಳಗೆ ಎಂದೂ ಬರುವುದಿಲ್ಲ. "ಗೊತ್ತಿಲ್ಲ ಅತ್ತೆ" ಎಂದರೆ, "ಕೇಳ್ದೇನೇ ಕೊಂದ್ರಾ?" ಎನ್ನುತ್ತಾರೆ, ಕೊಂದದ್ದು ನಾನೇ ಎಂಬಂತೆ.

ಇದೆಲ್ಲ ವಿನೋದವೆಂದೇ ನಾನು ತಿಳಿದಿದ್ದೆ. ಒಂದು ಸಂಜೆ ಮನೆಯ ಹಿಂದಿನ ಕೊಳದ ಸುತ್ತ ನಾವಿಬ್ಬರೂ ನಡೆಯುತ್ತಿದ್ದಾಗ ಅತ್ತೆ ತಟ್ಟನೆ, "ಟಿಕೆಟ್ ಬದಲಾಯ್ಸಮ್ಮ. ಅಮಾವಾಸ್ಯೆ ಕಳೆದ್ಮೇಲೆ ಹೊರಟ್ಬಿಡ್ತೀನಿ" ಎಂದರು. ಏಕೆಂದು ಕೇಳಿದೆ.

"ಇಲ್ಲಿ ನಂಗೇನಾದ್ರೂ ಆದ್ರೆ, ನಾನು ಯಾರೂಂತ ಯಾರಿಗೆ ಗೊತ್ತು?"

"ನಾವಿದೀವಲ್ಲ ಅತ್ತೆ!"

"ನೀವಿದೀರ. ಆ ಮಗೂಗೆ ನಾನ್ಯಾರು? ಬೆಳಿಗ್ಗೆ ಹಾಯ್ ಅಜ್ಜಿ, ರಾತ್ರಿ ಬೈ ಅಜ್ಜಿ. ಮಧ್ಯ ಏನೂ ಇಲ್ಲ."

ಅವರ ದನಿಯಲ್ಲಿ ದೂರಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಲಕಿತು. ಮನೆಗೆ ಬಂದು ಪತಿದೇವರಿಗೆ ಹೇಳಿದೆ. "ನೋಡೋಣ" ಎಂದರು, ಅವರ ನಿಘಂಟಿನಲ್ಲಿ ಅದಕ್ಕೆ ನೋಡದಿರೋಣ ಎಂದರ್ಥ. ನಿಧಿಗೆ ಹೇಳಿದೆ. "ಬಟ್ ವಾಟ್ ಡು ಐ ಸೇ ಟು ಹರ್?" ಎಂದಳು. ಉದ್ಧಟತನದ ಮಾತಲ್ಲ ಅದು, ನಿಜವಾದ ದಿಕ್ಕುಗೆಟ್ಟ ಪ್ರಶ್ನೆ. ಅಮಾವಾಸ್ಯೆ ಕಳೆದ ಸೋಮವಾರ ಟಿಕೆಟ್ಟಿನವರಿಗೆ ಫೋನ್ ಮಾಡುವುದೆಂದಾಯಿತು.

ಮಹಾಲಯ ಅಮಾವಾಸ್ಯೆ ಈ ಸಲ ಶನಿವಾರವೇ ಬಂತು. ನಮ್ಮ ದೇಶದ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿ ಬಾಳೆಲೆ, ಕರಿ ಎಳ್ಳು ತಂದಿಟ್ಟಿದ್ದೆ. ಹಿತ್ತಲ ಕಟ್ಟೆಯ ಮೇಲೆ ಪತಿದೇವರು ಪಂಚೆಯುಟ್ಟು, ಚಳಿಗೆ ಅದರ ಮೇಲೊಂದು ಜಾಕೆಟ್ ಹೇರಿಕೊಂಡು, ದಕ್ಷಿಣಕ್ಕೆ ಮುಖ ಮಾಡಿ ಕುಳಿತರು. ಲ್ಯಾಪ್‌ಟಾಪಿನೊಳಗಿಂದ ಪುರೋಹಿತರು ಹೆಸರು, ಗೋತ್ರ ಹೇಳಿಸುತ್ತ ತರ್ಪಣ ಬಿಡಿಸಿದರು. ಮಾವನವರ ಹೆಸರು ಬಂದಾಗ ಅತ್ತೆ ಕಣ್ಣು ಮುಚ್ಚಿಕೊಂಡರು. ನಿಧಿ ಗಾಜಿನ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

ಕೊನೆಯಲ್ಲಿ ಪುರೋಹಿತರು ಇನ್ನೊಂದು ಬೊಗಸೆ ನೀರು ಬಿಡುವಂತೆ ಹೇಳಿದರು.

"ಅಜ್ಜಿ, ಹೂ ಇಸ್ ದಟ್ ಫಾರ್?" ಎಂದಳು ನಿಧಿ.

ನಾನು ಭಾಷಾಂತರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಉತ್ತರಿಸಿದರು. "ಅದು ಯಾರೂ ಇಲ್ದೋರಿಗೆ, ಪುಟ್ಟಿ. ಹೆಸರು ಗೊತ್ತಿಲ್ದೋರು, ಗೋತ್ರ ಗೊತ್ತಿಲ್ದೋರು, ಎಲ್ಲೋ ಹೋಗಿ ಸತ್ತೋರು, ಅವ್ರಿಗೆಲ್ಲ."

ನಿಧಿ ಹೊಸಿಲು ದಾಟಿ ಕಟ್ಟೆಗೆ ಬಂದಳು. ಆಮೇಲೆ ತನ್ನ ತುಂಡುತುಂಡು ಕನ್ನಡದಲ್ಲಿ, "ಲಾಸ್ಟ್ ವೀಕ್ ಸತ್ತಿದ್ದು... ಅದಕ್ಕೂ?" ಎಂದಳು.

"ನಿಧಿ, ದಿಸ್ ಇಸ್ ಸೀರಿಯಸ್!" ಎಂದು ಪತಿದೇವರು ಗದರಿದರು.

"ಇದೂ ಸೀರಿಯಸ್ಸೇ ಕಣೋ," ಎಂದರು ಅತ್ತೆ. "ಬಿಡು ನೀರು. ಅದಕ್ಕೂ ಸೇರಿಸೇ ಬಿಡು."

ಲ್ಯಾಪ್‌ಟಾಪಿನಲ್ಲಿ ಪುರೋಹಿತರು ಯಜಮಾನರ ಕಡೆಯ ಸಂಪರ್ಕ ಕಡಿದುಹೋಯಿತೇನೋ ಎಂದು "ಹಲೋ, ಹಲೋ" ಎನ್ನುತ್ತಿದ್ದರು. ಯಾವ ಮುಖಭಾವ ತಾಳಬೇಕೆಂದು ತಿಳಿಯದೆ ಯಜಮಾನರು ನನ್ನತ್ತ ನೋಡಿದರು. ನಾನು ಆಕಾಶ ನೋಡಿದೆ. ಎಳ್ಳುನೀರು ಬೆರಳುಗಳ ಸಂದಿಯಿಂದ ಇಳಿಯಿತು.

"ಬಟ್ ಅದಕ್ಕೆ ಹೆಸರು ಇದೆ, ಅಜ್ಜಿ," ಎಂದು ನಿಧಿ ಉದ್ದನೆಯದೊಂದು ಜಪಾನಿ ಹೆಸರು ಹೇಳಿದಳು. ಅತ್ತೆಯ ನಾಲಿಗೆ ಅದರಲ್ಲಿ ಎಡವಿತು. ನಿಧಿ ಪಕ್ಕಕ್ಕೆ ಬಂದು ಕೂತು, ಅದನ್ನು ಚೂರುಚೂರಾಗಿ ಬಿಡಿಸಿ ಹೇಳಿಕೊಟ್ಟಳು. ಸಹಸ್ರನಾಮವನ್ನು ತಡವರಿಸದೆ ಹೇಳುವ ಅತ್ತೆ ಈ ಒಂದು ನಾಮಕ್ಕೆ ಬೆವರಿ, ಅರ್ಧದಲ್ಲಿ ಸೋತು, ನಗತೊಡಗಿದರು. ನಿಧಿಯೂ ನಕ್ಕಳು. ಶ್ರಾದ್ಧಕರ್ಮದ ನಡುವೆ ಹೀಗೆ ನಗುವುದು ಸರಿಯೋ ತಪ್ಪೋ ನನಗಿನ್ನೂ ನಿರ್ಧರಿಸಲಾಗಿಲ್ಲ.

ಆ ಮಧ್ಯಾಹ್ನ ವಡೆ, ಪಾಯಸಗಳನ್ನು ಮೇಜಿನ ಮೇಲಿಟ್ಟು ಹಜಾರಕ್ಕೆ ಬಂದೆ. ಅಜ್ಜಿ, ಮೊಮ್ಮಗಳು ಸೋಫಾದ ಒಂದೇ ತುದಿಯಲ್ಲಿದ್ದರು, ಇಯರ್‌ಫೋನ್ ಕಾಣಲಿಲ್ಲ. ತೆರೆಯಲ್ಲಿ ಸಮುದ್ರ ಸೀಳಿ ಹೊಸದೊಂದು ಪ್ರಾಣಿ ತಲೆಯೆತ್ತುತ್ತಿತ್ತು. "ಅವ್ನು ಹೇಳ್ತಾನೆ, ಓಡಿ ಓಡಿ. ಇವ್ಳು ಹೇಳ್ತಾಳೆ, ನಾನು ಓಡಲ್ಲ," ಎಂದು ನಿಧಿ ಕನ್ನಡಿಸುತ್ತಿದ್ದಳು. ನನ್ನ ಕೆಲಸ ಹೋಗಿತ್ತು; ಅದಕ್ಕೆ ಸಂತೋಷಪಡಬೇಕೋ ಸಂಕಟಪಡಬೇಕೋ ತಿಳಿಯದೆ ಕೈ ಒರೆಸಿಕೊಳ್ಳುತ್ತ ನಿಂತೆ.

"ಅತ್ತೆ, ಸೋಮವಾರ ಟಿಕೆಟ್ಟಿಗೆ ಫೋನ್ ಮಾಡ್ಲಾ?"

ಅವರು ತೆರೆಯಿಂದ ಕಣ್ಣು ಕೀಳಲಿಲ್ಲ. "ಇದು ಯಾಕೆ ಬಂತಂತೆ, ಪುಟ್ಟಿ?"

"ಗೊತ್ತಿಲ್ಲ ಅಜ್ಜಿ. ನೆಕ್ಸ್ಟ್ ವೀಕ್ ಹೇಳ್ತಾರೆ, ಮೇ ಬಿ."

"ಕೇಳಿದ್ಯಾ?" ಎಂದು ಅತ್ತೆ ಈಗ ನನ್ನತ್ತ ತಿರುಗಿದರು. "ಅದು ಯಾಕೆ ಬಂತೂಂತ ಗೊತ್ತಾಗೋ ಮುಂಚೆ ಹೊರಟುಹೋಗು ಅಂತೀಯಲ್ಲ!"

ಹೊರಡುವೆನೆಂದವರು ಅವರು, ಅನ್ನಿಸಿಕೊಂಡವಳು ನಾನು. ತಾಮ್ರದ ಮಹಾಪುರುಷ ಅಷ್ಟರಲ್ಲಿ ಮುಷ್ಟಿ ಬಿಗಿದು ಬೆಳೆಯತೊಡಗಿದ್ದ. ಯಾರ ಪಕ್ಷ ವಹಿಸಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಆದರೂ ಅವರಿಬ್ಬರ ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ಕುಳಿತುಕೊಳ್ಳುತ್ತ, ಅವನಿಗೆ ತನ್ನ ಕಿರಣದ ನೆನಪು ಇವತ್ತು ಕೊಂಚ ತಡವಾಗಿಯೇ ಬರಲಿ ಎಂದು ಬೇಡಿಕೊಂಡೆ.