ಕಾಣದ ಮಿಂಚುಳ್ಳಿಯ ಬಣ್ಣ

ಜೀವನ್ ಬಿಮಾ ನಗರದ ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ಕಾಲುಚೀಲ ಎರಡು ಸಲ ಒಗೆದರೂ ನಶ್ಯದ ವಾಸನೆ ಬಿಟ್ಟಿಲ್ಲ. ಜಿಗಣೆಗೆ ಹೆದರಿ ಒಳಗೆ ಸುರಿದುಕೊಂಡ ನಶ್ಯ. ಹೆಂಡತಿ ಮೂಗು ಮುಚ್ಚಿಕೊಳ್ಳುತ್ತಾಳೆ. ನನಗೋ ಅದನ್ನು ಮೂಸಿದಾಗಲೆಲ್ಲ ಎದೆ ಹಗುರಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ನನಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದವರು ಹಲಸೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಸೆಲ್ವರಾಜಣ್ಣ. ಭಾನುವಾರ ಬೆಳಿಗ್ಗೆ ಕೆರೆಯ ಬಳಿ ನಮ್ಮಂಥ ನಾಲ್ಕೈದು ಜನರನ್ನು ನಿಲ್ಲಿಸಿಕೊಂಡು, "ಮೊದ್ಲು ಬಾಯಿ ಮುಚ್ಚಿ, ಆಮೇಲೆ ಕಣ್ಣು ಬಿಡಿ" ಎನ್ನುತ್ತಿದ್ದರು. ಕೆರೆಯ ಮಿಂಚುಳ್ಳಿಗಳೆಲ್ಲ ಅವರಿಗೆ ನೆಂಟರು. ನೋಡದೆ ಉಳಿದದ್ದು ಒಂದೇ: ಘಟ್ಟದ ಮಳೆಕಾಡಿನ ಪುಟ್ಟ ಮಿಂಚುಳ್ಳಿ. ಗುಬ್ಬಚ್ಚಿಗಿಂತ ಚಿಕ್ಕದು, ಮೈತುಂಬ ಕಿತ್ತಳೆ, ನೇರಳೆ, ನೀಲಿ. ಮಂಡಿನೋವಿನಿಂದ ಕಾಡಿಗೆ ಹೋಗಲಾರದಾದಾಗ ತಮ್ಮ ಬೈನಾಕ್ಯುಲರ್ ನನ್ನ ಕೊರಳಿಗೆ ಹಾಕಿ, "ನನ್ ಬದ್ಲು ನೀನ್ ನೋಡ್ಕೊಂಡ್ ಬಾಪ್ಪ" ಎಂದರು.

ಹೋದೆ. ತೊರೆಯ ಮೇಲೆ ಹಕ್ಕಿ ಹಾರಿದಾಗ ಜೊತೆಗಿದ್ದ ಬೇರೆ ಊರಿನವರೆಲ್ಲ ನೋಡಿದರು. ನಾನು ಬಗ್ಗಿ ಕಾಲಿನ ಜಿಗಣೆ ಕೀಳುತ್ತಿದ್ದೆ. ಗ್ರಹಚಾರ. ಮರಳಿ ಬಂದಾಗ ಸೆಲ್ವರಾಜಣ್ಣ ಅಂಗಡಿ ಬಾಗಿಲಲ್ಲೇ ಕಾದಿದ್ದರು.

"ಕಾಣಿಸ್ತಾ?"

ಆ ಮುಖ ನೋಡಿ ಇಲ್ಲ ಎನ್ನಲು ನಾಲಗೆ ಹೊರಳಲಿಲ್ಲ. "ಕಾಣಿಸ್ತಣ್ಣ" ಎಂದೆ.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರೆ. ನನಗೆ ಆ ಒಂದನ್ನೇ ನೂರು ಸಲ ಹೇಳಬೇಕಾಯಿತು. ಭಾನುವಾರ ಹಕ್ಕಿ ನೋಡಿ ಕಾಫಿಗೆ ಕೂತರೆ ಸಾಕು, ಹೊಸಬರ ಮುಂದೆ "ಇವ್ನು ನೋಡಿದಾನೆ, ಕೇಳಿ" ಎಂದು ಹೆಮ್ಮೆಯಿಂದ ನನ್ನನ್ನು ಮುಂದೆ ತಳ್ಳುತ್ತಿದ್ದರು. ನಾನು ಪುಸ್ತಕದ ಚಿತ್ರ ನೆನೆದು ಬಣ್ಣಗಳನ್ನು ಪಾಠದಂತೆ ಒಪ್ಪಿಸುತ್ತಿದ್ದೆ. ನಾಚಿಕೆಯಾಗುತ್ತಿತ್ತು.

ಏಳು ವರ್ಷ ತಡೆದೆ. ಹೋದ ವಾರ ಯಾರಿಗೂ ಹೇಳದೆ ಒಬ್ಬನೇ ಹೋಗಿ, ಅದೇ ತೊರೆಯ ಪಕ್ಕ ಎರಡು ದಿನ ಮಳೆಯಲ್ಲಿ ಕೂತೆ. ನಶ್ಯಕ್ಕೂ ಜಗ್ಗದ ಜಿಗಣೆಗಳಿಗೆ ಹಬ್ಬದೂಟ; ಆದರೆ ಈ ಸಲ ನಾನು ಬಗ್ಗಲಿಲ್ಲ. ಎರಡನೆಯ ದಿನ ಸಂಜೆ ಅದು ಬಂದು ಎದುರಿನ ಬಳ್ಳಿಯ ಮೇಲೆ ಕೂತಿತು.

ಮೊನ್ನೆ ಭಾನುವಾರ, ಉಳಿದವರು ಬರುವ ಮುಂಚೆಯೇ ಕೆರೆಯ ಬಳಿ ಹೋಗಿ, ಬೆಂಚಿನ ಮೇಲೆ ಕೂತಿದ್ದ ಸೆಲ್ವರಾಜಣ್ಣನ ಮುಂದೆ ಎಲ್ಲ ಒಪ್ಪಿಕೊಂಡೆ. "ಆವತ್ತು ನಾನು ನೋಡಿರ್ಲಿಲ್ಲಣ್ಣ, ಸುಳ್ಳು ಹೇಳ್ದೆ. ಈ ವಾರ ನೋಡ್ದೆ. ಕೊಕ್ಕಲ್ಲಿ ಪುಟ್ಟ ಕಪ್ಪೆ ಇತ್ತು. ಅದನ್ನ ಬಳ್ಳಿಗೆ ಬಡೀತು, ನನ್ನ ನೋಡಿ ತಲೆ ಮೇಲೆ ಕೆಳಗೆ ಆಡಿಸ್ತು..."

ಸೆಲ್ವರಾಜಣ್ಣ ಕೆರೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು.

"ಅದಕ್ಕೇನಾ," ಎಂದರು, "ಏಳು ವರ್ಷದಿಂದ ನೀನ್ ಹೇಳೋ ಹಕ್ಕಿ ಒಂದ್ಸಲನೂ ಅಲ್ಲಾಡಿರ್ಲಿಲ್ಲ."

ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದರು.

"ಕೂತ್ಕೋ. ಕಪ್ಪೆಯಿಂದ ಶುರು ಮಾಡು."