ಹಿಂದಿನ ಸೀಟು

ಹುಮನಾಬಾದಿನ ಬೇಳೆ ಮಿಲ್ಲಿನ ಸಾವಕಾರರ ದೊಡ್ಡ ಪೆಟ್ರೋಲ್ ಕಾರಿಗೆ ಡ್ರೈವರನಾಗಿ ಸೇರಿದಾಗ ಬಂದೇನವಾಜನ ಗಡ್ಡ ಇನ್ನೂ ಕಪ್ಪಗಿತ್ತು. ಎಷ್ಟು ಪೆಟ್ರೋಲ್ ಸುರಿದರೂ ಸಾಲದ ಆ ಗಾಡಿಯನ್ನು ಕಳೆದ ವರ್ಷ ಮಾರಿ, ಸಾವಕಾರರು ಕರೆಂಟಿನ ಕಾರು ತಂದರು. ಕ್ಲಚ್ಚಿಲ್ಲ, ಗೇರಿಲ್ಲ, ಸದ್ದಂತೂ ಇಲ್ಲವೇ ಇಲ್ಲ.

"ಬಂದೇನವಾಜ್, ಇದನ್ನ ನಮ್ಮ ಸೊಸಿಗಿ ಕಲಿಸಿಬಿಡು," ಎಂದರು.

ಅವನು ಮನಸ್ಸಿಟ್ಟು ಕಲಿಸಿದ. ಅವಳು ಕಲಿತ ದಿನ ತನ್ನ ಕೆಲಸ ಹೋಗುತ್ತದೆಂಬುದು ಆ ಪುಣ್ಯಾತ್ಮನ ತಲೆಗೆ ಹೊಳೆಯಲೇ ಇಲ್ಲ. ಅವಳು ಕಲಿತಳು, ಕೆಲಸ ಹೋಯಿತು.

ಕೊನೆಯ ದಿನ ಸೊಸೆ ರತ್ನಮಾಲಾ ಅವನನ್ನು ಬಸ್ಸಿಗೆ ಹೋಗಗೊಡಲಿಲ್ಲ.

"ಇಷ್ಟ ವರ್ಷ ನೀವು ನಮ್ಮನ್ನ ಹಿಂದ ಕೂಡಿಸಿಕೊಂಡು ತಿರುಗ್ಯಾಡೀರಿ ಚಾಚಾ. ಇವತ್ತ ನೀವು ಹಿಂದ ಕೂಡ್ರಿ, ನಿಮ್ಮೂರು ಮೋರಖಂಡಿತನಕ ನಾನೇ ಬಿಡ್ತೀನಿ."

ದಾರಿಯುದ್ದಕ್ಕೂ ಅವನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಅವಳು ಒಂದಾದರೂ ತಪ್ಪು ಮಾಡಲಿ ಎಂದು ಕಾದ. ಮಾಡಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದ.

ಮನೆಯ ಮುಂದೆ ಗಾಡಿ ನಿಂತದ್ದು ಒಳಗಿದ್ದ ಹೆಂಡತಿಗೂ ಕೇಳಿಸಲಿಲ್ಲ. ಇಳಿಯಲು ಬಾಗಿಲು ತಡವಿದ. ಹಿಡಿಕೆ ಕೈಗೆ ಸಿಗಲಿಲ್ಲ. ಆಯುಷ್ಯವೆಲ್ಲ ಹೊರಗೆ ನಿಂತು ಹಿಂದಿನ ಬಾಗಿಲು ತೆಗೆದವನು, ಒಮ್ಮೆಯೂ ಒಳಗಿನಿಂದ ತೆಗೆದಿರಲಿಲ್ಲ.

ರತ್ನಮಾಲಾ ಇಳಿದು, ಸುತ್ತಿ ಬಂದು, ದಿನವೂ ಅವನು ಮಾಡುತ್ತಿದ್ದ ಹಾಗೆಯೇ ಬಾಗಿಲು ತೆರೆದು ಬದಿಗೆ ನಿಂತಳು.

"ಇಳೀರಿ ಚಾಚಾ," ಎಂದಳು.